ದಾರಿಯಲ್ಲಿ ನಿಂತವನು ತಪ್ಪಿತಸ್ಥನೇ? ಸಾರ್ವಜನಿಕ ರಸ್ತೆ ಮತ್ತು ಕಾನೂನು

ಮುಂಬಯಿ, ಠಾಣೆ, ಪುಣೆ ನಗರಗಳ ನಾಕಾಗಳಲ್ಲಿ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಕೈಯಲ್ಲಿ ಬುತ್ತಿಯ ಗಂಟು, ಹೆಗಲ ಮೇಲೊಂದು ವಸ್ತ್ರ, ಕಾಲ ಬಳಿ ಕರಣೆಯನ್ನೋ ಬಣ್ಣದ ಡಬ್ಬವನ್ನೋ ಇಟ್ಟುಕೊಂಡು ಕೂಲಿಯ ಜನ ಗುತ್ತಿಗೆದಾರನ ದಾರಿ ಕಾಯುತ್ತಿರುತ್ತಾರೆ. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕನ್ನಡಿಗರೂ ಇರುತ್ತಾರೆ. ಹೊತ್ತೇರುವುದರೊಳಗೆ ಯಾರೂ ಕರೆಯದಿದ್ದರೆ ಅಂದಿನ ಕೂಲಿ ಇಲ್ಲ. ಹಾಗೆ ಕೆಲಸ ಸಿಗದೆ ಪಾದಚಾರಿ ಮಾರ್ಗದ ಅಂಚಿನಲ್ಲಿ ಕುಳಿತ ನಡುವಯಸ್ಸಿನ ಒಬ್ಬನನ್ನು ಪೊಲೀಸರು "ಇಲ್ಲೇಕೆ ಕುಳಿತಿರುವೆ?" ಎಂದು ಕೇಳಿದರೆಂದು ಭಾವಿಸೋಣ. ಆತನಿಗೆ ಮರಾಠಿ ಬಾರದು. ಅವರಿಗೆ ಕನ್ನಡ ತಿಳಿಯದು. ಬಟ್ಟೆ ಹರಿದಿದೆ, ಜೇಬು ಬರಿದಾಗಿದೆ, ಗುರುತಿನ ಚೀಟಿ ಊರಿನಲ್ಲಿಯೇ ಉಳಿದಿದೆ. ಆತ ಯಾರ ಮುಂದೆಯೂ ಕೈಚಾಚಿಲ್ಲ. ಆದರೂ ಆತನನ್ನು ಭಿಕ್ಷುಕನೆಂದು ಹಿಡಿದೊಯ್ಯಲು ಮಹಾರಾಷ್ಟ್ರದಲ್ಲಿ ಜಾರಿಯಲ್ಲಿರುವ ಕಾಯಿದೆಯೊಂದರ ಒಂದು ವಾಕ್ಯ ಎಡೆಗೊಡುತ್ತದೆ. ನ್ಯಾಯಾಲಯವೂ ಹಾಗೆಯೇ ತೀರ್ಮಾನಿಸಿದಲ್ಲಿ ಆತ ಒಂದರಿಂದ ಮೂರು ವರ್ಷಗಳವರೆಗೆ ಭಿಕ್ಷುಕರ ಗೃಹದಲ್ಲಿ ಇರಬೇಕಾಗಬಹುದು.

ರಸ್ತೆಯಲ್ಲಿ ನಿಲ್ಲುವುದು, ಸುಳಿದಾಡುವುದು, ದಾರಿಹೋಕರನ್ನು ಕರೆಯುವುದು, ಬೇಡುವುದು, ಮಾರುವುದು, ಇವುಗಳಲ್ಲಿ ಯಾವುದು ಅಪರಾಧ, ಯಾವುದು ಅಲ್ಲ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಮನೆ ಇರುವವನಿಗೆ ರಸ್ತೆ ಕೇವಲ ಹಾದುಹೋಗುವ ಜಾಗ. ರಸ್ತೆಯನ್ನೇ ನಂಬಿ ಬದುಕುವವನಿಗೆ ಈ ತಿಳಿವಳಿಕೆ ಅನ್ನದಷ್ಟೇ ಅಗತ್ಯ.

ಸಂವಿಧಾನ ಏನು ಹೇಳುತ್ತದೆ?

ಭಾರತದ ಎಲ್ಲೆಡೆ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. ಇಷ್ಟವಿದ್ದೆಡೆ ನೆಲೆಸುವ ಹಕ್ಕೂ, ವೃತ್ತಿ ನಡೆಸುವ ಹಕ್ಕೂ ಅದೇ ಅನುಚ್ಛೇದದಲ್ಲಿವೆ. ಸಾರ್ವಜನಿಕ ಹಿತಕ್ಕಾಗಿ ಇವುಗಳ ಮೇಲೆ ಸಮಂಜಸವಾದ ನಿರ್ಬಂಧ ಹೇರಲು ಅವಕಾಶವಿದೆ. ಆದರೆ ಆ ನಿರ್ಬಂಧವು ಕಾನೂನಿನಲ್ಲಿ ಬರೆದಿರಬೇಕು. "ಸುಮ್ಮನೆ ನಿಂತಿದ್ದ" ಎಂಬುದನ್ನು ಅಪರಾಧವೆನ್ನುವ ಕಲಂ ನಮ್ಮ ದಂಡಸಂಹಿತೆಯಲ್ಲಿ ಹಿಂದೆಯೂ ಇರಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇಲ್ಲ. ನಿಂತವನು ದಾರಿಗೆ ಅಡ್ಡಿಯಾದರೆ ಮಾತ್ರ ಆ ಸಂಹಿತೆಯ 285ನೆಯ ಕಲಂ ಅನ್ವಯಿಸುತ್ತದೆ. ಅದಕ್ಕೆ ಐದು ಸಾವಿರ ರೂಪಾಯಿಗಳವರೆಗೆ ದಂಡವುಂಟು, ಸೆರೆವಾಸವಿಲ್ಲ.

ಹಾಗಾದರೆ ನಿಂತವನ ಮೇಲೆ ಅನುಮಾನ ಪಡುವ ಪದ್ಧತಿ ಎಲ್ಲಿಂದ ಬಂದಿತು? ಅದು ಇಂಗ್ಲೆಂಡಿನಿಂದ ಬಂದದ್ದು. ದುಡಿಮೆ ಇಲ್ಲದೆ ಅಲೆಯುವವರನ್ನು ಶಿಕ್ಷಿಸಲು ಅಲ್ಲಿ 1824ರಲ್ಲಿ ಒಂದು ಅಲೆಮಾರಿ ಕಾಯಿದೆಯನ್ನು ಮಾಡಿದ್ದರು. ಓದುಗರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ಬ್ರಿಟಿಷ್ ಸರ್ಕಾರವು ಇಲ್ಲಿ 1874ರಲ್ಲಿ ಅಲೆಮಾರಿತನದ ಬಗ್ಗೆ ಮಾಡಿದ ಒಂದು ಕಾಯಿದೆ ಯುರೋಪಿಯನ್ನರಿಗೇ ಸಂಬಂಧಿಸಿದ್ದು. ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಬಿಳಿಯರು ಆಳುವವರ ಮಾನಕ್ಕೆ ಕುಂದು ತರುವರೆಂಬ ಆತಂಕ ಅದರ ಹಿಂದಿತ್ತು. ಭಾರತೀಯರ ಪಾಲಿಗೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 109ನೆಯ ಕಲಂ ಇತ್ತು. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದವನನ್ನು, ತನ್ನ ಬಗ್ಗೆ ತೃಪ್ತಿಕರವಾಗಿ ಹೇಳಿಕೊಳ್ಳಲಾರದವನನ್ನು ಅದರ ಎರಡನೆಯ ಖಂಡದ ಬಲದಿಂದ ದಂಡಾಧಿಕಾರಿಯ ಮುಂದೆ ನಿಲ್ಲಿಸಿ ಸನ್ನಡತೆಯ ಮುಚ್ಚಳಿಕೆ ಕೇಳಬಹುದಾಗಿತ್ತು. ಬಡವನಾಗಿರುವುದೇ ಅನುಮಾನಕ್ಕೆ ಸಾಕಾಗುತ್ತಿತ್ತು.

1973ರ ಸಂಹಿತೆಯಲ್ಲಿ ಸಂಸತ್ತು ಆ ಎರಡನೆಯ ಖಂಡವನ್ನು ಕೈಬಿಟ್ಟಿತು. ಈ ಬದಲಾವಣೆ ಹೆಚ್ಚು ಸದ್ದುಮಾಡಲಿಲ್ಲ; ಆದರೆ ಅದರ ತೂಕ ದೊಡ್ಡದು. ಈಗ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 128ನೆಯ ಕಲಮಿನಲ್ಲಿದೆ. ಒಬ್ಬನು ತನ್ನ ಇರುವಿಕೆಯನ್ನು ಮರೆಮಾಚುತ್ತಿದ್ದು, ಸಂಜ್ಞೇಯ ಅಪರಾಧ ಮಾಡುವ ಉದ್ದೇಶದಿಂದಲೇ ಹಾಗೆ ಮಾಡುತ್ತಿದ್ದಾನೆಂದು ನಂಬಲು ಕಾರಣವಿದ್ದರೆ ಮಾತ್ರ ಕಾರ್ಯಪಾಲಕ ದಂಡಾಧಿಕಾರಿಯು ಒಂದು ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಕೇಳಬಹುದು. ಹಾಡಹಗಲಿನಲ್ಲಿ ನಾಕಾದಲ್ಲಿ ಕುಳಿತವನು ಏನನ್ನೂ ಮರೆಮಾಚಿದಂತಾಗುವುದಿಲ್ಲ. ಮಹಾರಾಷ್ಟ್ರ ಪೊಲೀಸ್ ಅಧಿನಿಯಮ, 1951ರ 122ನೆಯ ಕಲಮಿನಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೀದಿಯಲ್ಲಿ ಸುಳಿದಾಡುವವರ ಮಾತು ಬರುತ್ತದೆ. ಅಲ್ಲಿಯೂ ಎರಡು ಅಂಶಗಳು ಕೂಡಬೇಕು: ಆತ ಕಳ್ಳನೆಂದು ಹೆಸರಾದವನಾಗಿರಬೇಕು ಮತ್ತು ತಾನೇಕೆ ಅಲ್ಲಿದ್ದೇನೆಂದು ತೃಪ್ತಿಕರವಾಗಿ ಹೇಳಲಾರದವನಾಗಿರಬೇಕು. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೋಟೆಲ್ ಮಾಣಿಗೆ ಇದು ಅನ್ವಯಿಸದು.

ಭಿಕ್ಷಾಟನೆಯ ಕಾಯಿದೆಗಳು

ಕೇಂದ್ರ ಸಂಹಿತೆಯಿಂದ ಹೊರಹೋದ ಆ ಹಳೆಯ ವಿಚಾರವು ರಾಜ್ಯಗಳ ಭಿಕ್ಷಾಟನೆ ಕಾಯಿದೆಗಳಲ್ಲಿ ಉಳಿದುಕೊಂಡಿತು. ಭಿಕ್ಷಾಟನೆಯ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕೇಂದ್ರ ಕಾಯಿದೆ ಇಲ್ಲವೆಂಬುದನ್ನು ಮೊದಲು ಗಮನಿಸಬೇಕು. ಮದರಾಸು ಪ್ರಾಂತದಲ್ಲಿ 1945ರಲ್ಲಿ, ಮುಂಬಯಿ ರಾಜ್ಯದಲ್ಲಿ 1959ರಲ್ಲಿ, ಕರ್ನಾಟಕದಲ್ಲಿ 1975ರಲ್ಲಿ, ಆಂಧ್ರ ಪ್ರದೇಶದಲ್ಲಿ 1977ರಲ್ಲಿ ಬೇರೆಬೇರೆ ಕಾಯಿದೆಗಳಾದವು. ಕರ್ನಾಟಕದವರು ಆಸ್ತಿ ತೆರಿಗೆಯ ರಸೀದಿಯಲ್ಲಿ ಭಿಕ್ಷುಕರ ಕರ ಎಂಬುದನ್ನು ನೋಡಿಯೇ ಇರುತ್ತಾರೆ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂತಹ ಸಂಸ್ಥೆಗಳು ನಡೆಯುವುದು ಈ ಕರದ ಹಣದಿಂದ.

ಇವುಗಳಲ್ಲಿ ಹೆಚ್ಚು ಪ್ರಭಾವ ಬೀರಿದ್ದು ಮುಂಬಯಿ ಭಿಕ್ಷಾಟನೆ ತಡೆ ಅಧಿನಿಯಮ, 1959. ಸಾರ್ವಜನಿಕ ಸ್ಥಳದಲ್ಲಿ ಭಿಕ್ಷೆ ಕೇಳುವುದು ಅಥವಾ ಪಡೆಯುವುದು, ಅದಕ್ಕಾಗಿ ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಏನನ್ನಾದರೂ ಮಾರುವ ನೆಪ ಹೂಡುವುದು, ಗಾಯವನ್ನೋ ಅಂಗವೈಕಲ್ಯವನ್ನೋ ತೋರಿಸುವುದು, ಇವೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿಯೂ, ಏಕನಾದ ಹಿಡಿದು ತತ್ತ್ವಪದ ಹಾಡುತ್ತ ಬರುವ ಜಂಗಮನೂ ಇದರೊಳಗೆ ಸಿಲುಕಬಹುದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮ ಆರಂಭದ ಉದಾಹರಣೆಗೆ ಸಂಬಂಧಿಸಿದ್ದು ಇನ್ನೊಂದು ಖಂಡ. ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ಭಿಕ್ಷೆಯಿಂದಲೇ ಬದುಕುತ್ತಿರಬಹುದೆಂದು ತೋರುವಂತಹ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವುದು ಅಥವಾ ಇರುವುದು ಕೂಡ ಭಿಕ್ಷಾಟನೆ ಎಂದು ಅದು ಹೇಳುತ್ತದೆ. ಬೇಡಿದ್ದಕ್ಕೆ ಸಾಕ್ಷಿ ಬೇಕಿಲ್ಲ. ಬೇಡುವವನಂತೆ ಕಂಡರೆ ಸಾಕು. ವಾರಂಟು ಇಲ್ಲದೆ ಹಿಡಿಯಬಹುದು. ವಿಚಾರಣೆ ಸಂಕ್ಷಿಪ್ತವಾದದ್ದು. ಎರಡನೆಯ ಬಾರಿಯ ನಂತರವೂ ಸಿಕ್ಕಿಬಿದ್ದವನನ್ನು ಹತ್ತು ವರ್ಷಗಳವರೆಗೆ ಇರಿಸಿಕೊಳ್ಳಲು ಅವಕಾಶವಿದೆ. ಹಸಿದವನಿಗೆ ವಿಧಿಸುವ ಈ ಅವಧಿಯನ್ನು ಅನೇಕ ಕಳವುಗಳ ಶಿಕ್ಷೆಯೊಡನೆ ಹೋಲಿಸಿ ನೋಡಿದರೆ ಅಳತೆ ತಪ್ಪಿದೆಯೆಂದು ಯಾರಿಗಾದರೂ ಅನ್ನಿಸದಿರದು. ಎಚ್ಚರಿಕೆ ಕೊಟ್ಟು, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡುವ ಅಧಿಕಾರವೂ ನ್ಯಾಯಾಲಯಕ್ಕೆ ಇದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಕಾಯಿದೆಯನ್ನು ದೆಹಲಿಗೂ ವಿಸ್ತರಿಸಲಾಗಿತ್ತು. ದೆಹಲಿ ಉಚ್ಚ ನ್ಯಾಯಾಲಯವು 2006ರಲ್ಲಿ, ಬೇರೆ ದಾರಿಯೇ ಇಲ್ಲದೆ ಹೊಟ್ಟೆಗಾಗಿ ಬೇಡುವವನು ಅನಿವಾರ್ಯತೆಯನ್ನು ತನ್ನ ಸಮರ್ಥನೆಯಾಗಿ ಮುಂದಿಡಬಹುದೆಂದು ಹೇಳಿತು. 2018ರ ಆಗಸ್ಟ್ 8ರಂದು ಅದೇ ನ್ಯಾಯಾಲಯವು ಹರ್ಷ ಮಂದರ್ ಮತ್ತಿತರರ ಅರ್ಜಿಗಳ ಮೇಲೆ ತೀರ್ಪು ನೀಡಿ, ಭಿಕ್ಷಾಟನೆಯನ್ನು ಅಪರಾಧವಾಗಿಸುವ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದುಪಡಿಸಿತು. ಜನರು ಬೇಡುವುದು ಬಯಸಿ ಅಲ್ಲ, ಬೇರೆ ಗತಿಯಿಲ್ಲದೆ. ಅನ್ನ ವಸತಿಗಳನ್ನು ಒದಗಿಸಲಾರದ ರಾಜ್ಯವು ಅದರ ಕೊರತೆಯನ್ನೇ ಅಪರಾಧವೆನ್ನಲಾಗದು ಎಂಬುದು ತೀರ್ಪಿನ ತಿರುಳು. ಇತರರನ್ನು ಬೇಡಲು ಹಚ್ಚಿ ಅವರ ಗಳಿಕೆಯ ಮೇಲೆ ಬದುಕುವವರ ವಿರುದ್ಧದ ಕಲಮನ್ನು ನ್ಯಾಯಾಲಯ ಮುಟ್ಟಲಿಲ್ಲ. 2019ರ ಅಕ್ಟೋಬರಿನಲ್ಲಿ ಜಮ್ಮು ಮತ್ತು ಕಾಶ್ಮೀರ ಉಚ್ಚ ನ್ಯಾಯಾಲಯವೂ ಅಲ್ಲಿನ ಇಂತಹದೇ ಕಾಯಿದೆಯನ್ನು ರದ್ದುಮಾಡಿತು.

ಆದುದರಿಂದ ಒಂದೇ ನಡತೆಗೆ ದೆಹಲಿಯಲ್ಲಿ ಒಂದು ಉತ್ತರ, ಮುಂಬಯಿಯಲ್ಲಿ ಇನ್ನೊಂದು. ಒಂದು ಉಚ್ಚ ನ್ಯಾಯಾಲಯದ ತೀರ್ಪು ಬೇರೆ ರಾಜ್ಯದ ಕಾಯಿದೆಯನ್ನು ತಾನಾಗಿಯೇ ಅಳಿಸಿಹಾಕುವುದಿಲ್ಲ. ಆದರೂ ವಕೀಲರು ಅದನ್ನು ಯಾವುದೇ ನ್ಯಾಯಾಲಯದ ಗಮನಕ್ಕೆ ತರಬಹುದು. ಹೈದರಾಬಾದಿನಲ್ಲಿ 2017ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಉದ್ಯಮಿಗಳ ಸಮಾವೇಶಕ್ಕೆ ಮೊದಲು ಪೊಲೀಸರು ರಸ್ತೆಗಳಲ್ಲಿ ಎರಡು ತಿಂಗಳ ಕಾಲ ಭಿಕ್ಷಾಟನೆಯನ್ನು ನಿಷೇಧಿಸಿದ್ದು ಹಲವರಿಗೆ ನೆನಪಿರಬಹುದು. ಕೋವಿಡ್ ಕಾಲದಲ್ಲಿ, 2021ರ ಜುಲೈನಲ್ಲಿ, ಸಂಚಾರ ದೀಪಗಳ ಬಳಿಯಿಂದ ಭಿಕ್ಷುಕರನ್ನು ತೆಗೆಸಬೇಕೆಂಬ ಕೋರಿಕೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಉಳ್ಳವರ ದೃಷ್ಟಿಯಿಂದ ಇದನ್ನು ನೋಡಲಾಗದು, ಇದು ಸಾಮಾಜಿಕ ಹಾಗೂ ಆರ್ಥಿಕ ಸಮಸ್ಯೆ ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. 2011ರ ಜನಗಣತಿಯಲ್ಲಿ ಭಿಕ್ಷುಕರು ಮತ್ತು ಅಲೆಮಾರಿಗಳೆಂದು ದಾಖಲಾದವರು 4,13,670 ಮಂದಿ. ಅವರಲ್ಲಿ 1,91,997 ಮಂದಿ ಸ್ತ್ರೀಯರು. ಇಂತಹವರ ಪುನರ್ವಸತಿಗಾಗಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2022ರ ಫೆಬ್ರವರಿಯಲ್ಲಿ 'ಸ್ಮೈಲ್' ಯೋಜನೆಯನ್ನು ಆರಂಭಿಸಿತು.

ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಬೇಡುತ್ತಿರುವ ಮಗು ಅಪರಾಧಿಯಲ್ಲ. 2015ರ ಬಾಲನ್ಯಾಯ ಅಧಿನಿಯಮದ ಪ್ರಕಾರ ಅದು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಮಗುವನ್ನು ಬೇಡಲು ಹಚ್ಚಿದವನಿಗೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡ ವಿಧಿಸಬಹುದು. ಅದಕ್ಕಾಗಿ ಮಗುವನ್ನು ಅಪಹರಿಸಿದವನಿಗೆ ನ್ಯಾಯ ಸಂಹಿತೆಯ 139ನೆಯ ಕಲಮಿನಂತೆ ಕನಿಷ್ಠ ಹತ್ತು ವರ್ಷ, ಅಂಗಹೀನವಾಗಿಸಿದವನಿಗೆ ಕನಿಷ್ಠ ಇಪ್ಪತ್ತು ವರ್ಷ. ಇಂತಹ ಮಗುವನ್ನು ಕಂಡವರು 1098ಕ್ಕೆ ದೂರವಾಣಿ ಮಾಡಬಹುದು.

ರಸ್ತೆಯಲ್ಲಿ ಆಹ್ವಾನಿಸುವುದು

ಇನ್ನು ವೇಶ್ಯಾವೃತ್ತಿಗೆ ಸಂಬಂಧಿಸಿದ ಕಾನೂನು. ಈ ವಿಷಯವನ್ನು ಸಭ್ಯರು ಮಾತನಾಡಲು ಹಿಂಜರಿಯುತ್ತಾರೆ. ಆ ಹಿಂಜರಿಕೆಯಿಂದಲೇ ತಪ್ಪು ತಿಳಿವಳಿಕೆ ಬೆಳೆದಿದೆ.

1950ರ ಮೇ 9ರಂದು ನ್ಯೂಯಾರ್ಕಿನಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಅನುಸಾರವಾಗಿ ಸಂಸತ್ತು 1956ರಲ್ಲಿ ಒಂದು ಅಧಿನಿಯಮವನ್ನು ರಚಿಸಿತು. 1986ರ ತಿದ್ದುಪಡಿಯ ನಂತರ ಅದರ ಹೆಸರು ಅನೈತಿಕ ಸಾಗಾಣಿಕೆ (ತಡೆ) ಅಧಿನಿಯಮ ಎಂದಾಯಿತು. ಹೆಸರೇ ಸೂಚಿಸುವಂತೆ ಅದರ ಮುಖ್ಯ ಗುರಿ ಸಾಗಾಣಿಕೆ: ಗೃಹ ನಡೆಸುವವರು, ಗಳಿಕೆಯ ಮೇಲೆ ಬದುಕುವವರು, ಹೆಣ್ಣುಮಕ್ಕಳನ್ನು ಕರೆತರುವ ದಲ್ಲಾಳಿಗಳು. ಕರೆತಂದವನಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷಗಳ ಕಠಿಣ ಸೆರೆವಾಸವಿದೆ. ವಯಸ್ಕ ಸ್ತ್ರೀಯೊಬ್ಬಳು ಈ ವೃತ್ತಿಯಲ್ಲಿರುವುದನ್ನೇ ಅಧಿನಿಯಮವು ಅಪರಾಧವೆಂದು ಹೇಳುವುದಿಲ್ಲ. ಆದರೆ ಅದು ರಸ್ತೆಗೆ ಬಂದಾಗ ಎರಡು ಕಲಮುಗಳು ಎದುರಾಗುತ್ತವೆ.

ಏಳನೆಯ ಕಲಂ ಸ್ಥಳಕ್ಕೆ ಸಂಬಂಧಿಸಿದ್ದು. ಪೂಜಾಸ್ಥಳ, ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಮೊದಲಾದವುಗಳಿಂದ 200 ಮೀಟರುಗಳೊಳಗೆ ಹಾಗೂ ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಅದು ವೃತ್ತಿಯನ್ನು ನಿಷೇಧಿಸುತ್ತದೆ. ಎಂಟನೆಯ ಕಲಂ ನಡತೆಗೆ ಸಂಬಂಧಿಸಿದ್ದು. ಸಾರ್ವಜನಿಕ ಸ್ಥಳದಲ್ಲಿ ಅಥವಾ ಅಲ್ಲಿಗೆ ಕಾಣುವಂತೆ ಮಾತಿನಿಂದ, ಸನ್ನೆಯಿಂದ, ಕಿಟಕಿ ಅಥವಾ ಬಾಲ್ಕನಿಯಲ್ಲಿ ಕುಳಿತು ದೇಹಪ್ರದರ್ಶನದಿಂದ ಆಹ್ವಾನಿಸುವುದು, ದಾರಿಹೋಕರನ್ನು ಪೀಡಿಸುವುದು, ಸುತ್ತಲಿನವರಿಗೆ ಅಡ್ಡಿ ಅಥವಾ ಕಿರಿಕಿರಿಯಾಗುವಂತೆ ಸುಳಿದಾಡುವುದು ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 500 ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಅಪರಾಧಿ ಪುರುಷನಾದರೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ತಿಂಗಳವರೆಗಿನ ಸೆರೆವಾಸ. ಒಂದೇ ಅಪರಾಧಕ್ಕೆ ಹೆಣ್ಣಿಗೆ ಆರು ತಿಂಗಳು, ಗಂಡಿಗೆ ಮೂರು ತಿಂಗಳು ಏಕೆ ಎಂಬ ಪ್ರಶ್ನೆ ಓದುಗರಲ್ಲಿ ಮೂಡಿದರೆ ಅದು ಸಹಜವೇ.

ಈ ಕಲಮಿನಲ್ಲಿ ಬಹುಮುಖ್ಯವಾದ ಮಾತು "ವೇಶ್ಯಾವೃತ್ತಿಯ ಉದ್ದೇಶಕ್ಕಾಗಿ" ಎಂಬುದು. ಆ ಉದ್ದೇಶವನ್ನು ರುಜುವಾತುಪಡಿಸುವ ಹೊಣೆ ಆಪಾದಿಸುವವರದು. ರಾತ್ರಿ ಹೊತ್ತು ಒಬ್ಬಳೇ ನಿಂತಿದ್ದಳು, ಇಂತಹ ಉಡುಪು ತೊಟ್ಟಿದ್ದಳು, ಇಂತಹ ಓಣಿಯಲ್ಲಿ ಮನೆ ಮಾಡಿದ್ದಾಳೆ ಎಂಬುದಷ್ಟೇ ಸಾಲದು. ಈ ಅಧಿನಿಯಮದಡಿ ವಾರಂಟಿಲ್ಲದೆ ಬಂಧಿಸುವ ಅಧಿಕಾರ ದಾರಿಯಲ್ಲಿ ನಿಂತ ಪ್ರತಿಯೊಬ್ಬ ಪೇದೆಗೂ ಇಲ್ಲ. ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ವಿಶೇಷ ಪೊಲೀಸ್ ಅಧಿಕಾರಿಯೇ ಅಥವಾ ಆತನ ನಿರ್ದೇಶನ ಇಲ್ಲವೇ ಪೂರ್ವಾನುಮತಿಯ ಮೇರೆಗೆ ಬೇರೆಯವರು ಬಂಧಿಸಬೇಕು. ಶೋಧನೆಯ ತಂಡದಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು.

ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ದೇವದಾಸಿಯರೆಂದು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಮುಂಬಯಿ ಪುಣೆಗಳ ಇಂತಹ ಓಣಿಗಳಿಗೆ ಬಂದು ಸೇರಿದ ದುಃಖದ ಕಥೆ ಕನ್ನಡಿಗರಿಗೆ ಹೊಸತಲ್ಲ. ಮುತ್ತು ಕಟ್ಟುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿದೆ. ಅವರಲ್ಲಿ ವಯಸ್ಸಾದವರು ಇಂದು ಅದೇ ರಸ್ತೆಗಳಲ್ಲಿ ಹೂ ಮಾರುತ್ತಲೋ ಪಾತ್ರೆ ತೊಳೆಯುತ್ತಲೋ ಬದುಕುತ್ತಿರಬಹುದು. ಹಳೆಯ ಹೆಸರು ಮಾತ್ರ ಬೆನ್ನು ಬಿಟ್ಟಿರುವುದಿಲ್ಲ. 2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನಗಳು ಇಂತಹವರಿಗೆ ತಿಳಿದಿರಬೇಕು. ಪೊಲೀಸರು ಲೈಂಗಿಕ ವೃತ್ತಿಯಲ್ಲಿರುವವರನ್ನು ಘನತೆಯಿಂದ ನಡೆಸಿಕೊಳ್ಳಬೇಕು, ಬೈಯಬಾರದು, ಹೊಡೆಯಬಾರದು; ಅತ್ಯಾಚಾರಕ್ಕೊಳಗಾದವಳಿಗೆ ಕೂಡಲೇ ವೈದ್ಯಕೀಯ ನೆರವು ಸಿಗಬೇಕು; ಆರೋಗ್ಯಕ್ಕಾಗಿ ಇಟ್ಟುಕೊಂಡ ನಿರೋಧ್ ಮುಂತಾದವನ್ನು ಅಪರಾಧದ ಸಾಕ್ಷ್ಯವಾಗಿ ಬಳಸಬಾರದು; ದಾಳಿಯ ಸಮಯದಲ್ಲಿ ಪತ್ರಿಕೆಗಳು ಅವರ ಗುರುತನ್ನು ಬಯಲುಮಾಡಬಾರದು.

ಹೈದರಾಬಾದಿನ ಓದುಗರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ. ನಿಜಾಮರ ಕಾಲದಲ್ಲಿ, 1919ರಲ್ಲಿ, ಅಲ್ಲಿ ಹಿಜಡಾ ಸಮುದಾಯದವರ ಮೇಲೆ ಒಂದು ಕಾಯಿದೆ ಬಂದಿತ್ತು. ಸ್ತ್ರೀವೇಷದಲ್ಲಿ ಬೀದಿಯಲ್ಲಿ ಕಂಡವರನ್ನು, ಹಾಡಿ ಕುಣಿದವರನ್ನು ವಾರಂಟಿಲ್ಲದೆ ಹಿಡಿಯಲು ಅದರಲ್ಲಿ ಅವಕಾಶವಿತ್ತು. ನೂರು ವರ್ಷ ದಾಟಿ ಉಳಿದಿದ್ದ ಆ ಕಾಯಿದೆಯನ್ನು ತೆಲಂಗಾಣ ಉಚ್ಚ ನ್ಯಾಯಾಲಯವು 2023ರ ಜುಲೈನಲ್ಲಿ ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಇದಕ್ಕೆ ಮೊದಲೇ, 2019ರ ಕೇಂದ್ರ ಅಧಿನಿಯಮವು ತೃತೀಯ ಲಿಂಗಿಗಳಿಗೆ ಸಾರ್ವಜನಿಕ ಸ್ಥಳವನ್ನು ನಿರಾಕರಿಸುವುದನ್ನೇ ಅಪರಾಧವನ್ನಾಗಿ ಮಾಡಿತ್ತು.

ಬಸ್ ನಿಲ್ದಾಣದಲ್ಲಿ ನಿಂತು ಹೆಣ್ಣುಮಕ್ಕಳನ್ನು ಚುಡಾಯಿಸುವ, ಬೆನ್ನು ಹತ್ತುವ ಗಂಡಸರ ನಡತೆ ಬೇರೆಯೇ ಸಂಗತಿ. ಅದಕ್ಕೆ ನ್ಯಾಯ ಸಂಹಿತೆಯ 75, 78 ಮತ್ತು 79ನೆಯ ಕಲಮುಗಳಿವೆ. ತಮಿಳುನಾಡಿನಲ್ಲಿ 1998ರ ಪ್ರತ್ಯೇಕ ಕಾಯಿದೆಯೂ ಉಂಟು. ಅಲ್ಲಿ ಶಿಕ್ಷೆ ನಿಂತದ್ದಕ್ಕಲ್ಲ, ಮಾಡಿದ್ದಕ್ಕೆ.

ಬೀದಿಬದಿಯ ವ್ಯಾಪಾರಿ

ತಳ್ಳುಗಾಡಿಯವರ ಸ್ಥಿತಿ ಈಗ ಮೊದಲಿಗಿಂತ ಉತ್ತಮ. ಪಾದಚಾರಿ ಮಾರ್ಗದಲ್ಲಿ ವ್ಯಾಪಾರ ಮಾಡುವುದು ನಿಯಂತ್ರಣಕ್ಕೊಳಪಟ್ಟ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. 2014ರ ಬೀದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪ್ರಮಾಣಪತ್ರದ ಷರತ್ತಿನಂತೆ ನಡೆಯುವವನನ್ನು ಪೊಲೀಸರೂ ತಡೆಯುವಂತಿಲ್ಲ. ವಶಪಡಿಸಿಕೊಂಡ ಸರಕಿಗೆ ಪಟ್ಟಿ ಕೊಡಬೇಕು; ಹಣ್ಣು ತರಕಾರಿಯಂತಹ ಕೆಡುವ ಸರಕನ್ನು ಕೇಳಿದ ದಿನವೇ, ಉಳಿದುದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಪಟ್ಟಿ ಕೇಳಿ ಪಡೆಯದಿದ್ದರೆ ಮುಂದೆ ಏನನ್ನೂ ಸಾಧಿಸಲಾಗದು.

ಹಿಡಿದಾಗ ಏನು ಮಾಡಬೇಕು?

ನಾಕಾದಲ್ಲಿ ಕುಳಿತ ಆ ಮನುಷ್ಯನ ಬಳಿಗೆ ಮರಳೋಣ. ಆತನ ವಿರುದ್ಧದ ಮುಖ್ಯ ಮಾತು "ಕಾಣುವ ಜೀವನೋಪಾಯವಿಲ್ಲ" ಎಂಬುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಚೀಟಿ ಅಥವಾ 2021ರಲ್ಲಿ ಆರಂಭವಾದ ಇ-ಶ್ರಮ್ ಕಾರ್ಡು ಜೇಬಿನಲ್ಲಿದ್ದರೆ ಆ ಮಾತಿಗೆ ಅದೇ ಉತ್ತರ. ಸವಲತ್ತು ಸಿಗಲಿ ಬಿಡಲಿ, ಆ ಚೀಟಿಯನ್ನು ಊರಿನ ಪೆಟ್ಟಿಗೆಯಲ್ಲಿಡದೆ ಜೊತೆಯಲ್ಲಿಟ್ಟುಕೊಳ್ಳಬೇಕು. ಹಿಂದಿನ ದಿನ ಕೆಲಸ ಕೊಟ್ಟ ಮೇಸ್ತ್ರಿಯ ದೂರವಾಣಿ ಸಂಖ್ಯೆ, ಬಾಡಿಗೆ ಕೋಣೆಯ ಯಜಮಾನನ ಹೆಸರು ಬರೆದ ಒಂದು ತುಂಡು ಕಾಗದವೂ ಉಪಯೋಗಕ್ಕೆ ಬರುತ್ತದೆ.

ಬಂಧಿಸಿದವರು ಕಾರಣವನ್ನು ತಿಳಿಸಲೇಬೇಕು. ಬಂಧಿತನು ಹೇಳಿದ ನೆಂಟನಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ವಿಶೇಷ ಸಂದರ್ಭದಲ್ಲಿ, ಅದೂ ಮಹಿಳಾ ಪೊಲೀಸ್ ಅಧಿಕಾರಿಯು ದಂಡಾಧಿಕಾರಿಯ ಮುಂಚಿತ ಅನುಮತಿ ಪಡೆದ ಹೊರತು, ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕಾಗಿಲ್ಲ.

ಪರಭಾಷೆಯ ಊರಿನಲ್ಲಿರುವ ಕನ್ನಡಿಗರಿಗೆ ಭಾಷೆಯ ವಿಚಾರ ವಿಶೇಷ ಮಹತ್ವದ್ದು. ಬಂಧನದ ಆಧಾರಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಹೇಳದಿದ್ದರೆ ಹೇಳಿದಂತಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿಯೇ, ಮಹಾರಾಷ್ಟ್ರದಿಂದ ಬಂದ ಮುಂಜಾಗ್ರತಾ ಬಂಧನದ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿದೆ. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ ಅದನ್ನು ತೆರೆದ ನ್ಯಾಯಾಲಯದಲ್ಲಿ ಆತನ ಭಾಷೆಗೆ ಅನುವಾದಿಸಿ ಹೇಳಬೇಕೆಂಬ ನಿಯಮವೂ ಇದೆ. "ನನಗೆ ಕನ್ನಡವಷ್ಟೇ ಬರುತ್ತದೆ" ಎಂದು ದಂಡಾಧಿಕಾರಿಗೆ ಹೇಳುವುದು ಉದ್ಧಟತನವಲ್ಲ. ಊರಿನ ಕನ್ನಡ ಸಂಘದವರು ಇಂತಹ ಹೊತ್ತಿನಲ್ಲಿ ಒಬ್ಬರನ್ನು ಕಳುಹಿಸಿದರೆ ರಾಜ್ಯೋತ್ಸವದ ಮೆರವಣಿಗೆಗಿಂತ ದೊಡ್ಡ ಸೇವೆಯಾದೀತು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಬಂಧನದಲ್ಲಿರುವವರು, ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡಗಳವರು ವರಮಾನದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಪ್ರತಿಯೊಂದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿಯಿದೆ. ಬಂಧಿತನ ಪರವಾಗಿ ಆತನ ಮನೆಯವರು ಬರೆದುಕೊಟ್ಟ ಅರ್ಜಿಯೂ ನಡೆಯುತ್ತದೆ. ದೂರವಾಣಿ ಸಂಖ್ಯೆ 15100.